ಆಟಕ್ಕೆ ನೆನಪಿರುವುದು ಹೇಗೆ?

ಗೋಡೆಯ ಮೇಲಿನ ಸ್ವಿಚ್ಚಿಗೆ ನೆನಪಿನ ಶಕ್ತಿ ಇದೆ ಎಂದರೆ ಓದುಗರಿಗೆ ನಗು ಬರಬಹುದು. ಆದರೂ ಮಾತು ನಿಜ. ರಾತ್ರಿ ಫ್ಯಾನು ತಿರುಗುತ್ತಿರುವಾಗ ಕರೆಂಟು ಹೋಗುತ್ತದೆ. ಎರಡು ಗಂಟೆ ಬಿಟ್ಟು ಕರೆಂಟು ಬಂದಾಗ ಯಾರೂ ಎದ್ದು ಗುಂಡಿ ಒತ್ತಬೇಕಾಗಿಲ್ಲ. ಫ್ಯಾನು ತಾನಾಗಿಯೇ ತಿರುಗತೊಡಗುತ್ತದೆ. ಮಲಗುವ ಮುನ್ನ ಆರಿಸಿದ್ದ ದೀಪ ಆರಿಯೇ ಇರುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ಮನೆಯವರು ಹೇಳಿದ್ದನ್ನು ಕರೆಂಟಿಲ್ಲದ ಆ ಎರಡು ಗಂಟೆ ನೆನಪಿಟ್ಟುಕೊಂಡವರು ಯಾರು? ಆ ಪುಟ್ಟ ಪ್ಲಾಸ್ಟಿಕ್ ತುಂಡೇ. ಅದು ಮೇಲಕ್ಕೋ ಕೆಳಕ್ಕೋ ವಾಲಿ ನಿಂತ ಭಂಗಿಯೇ ಅದರ ನೆನಪು.

ಈಗ ಮೊಬೈಲ್ ಫೋನಿನ ಯಾವುದಾದರೊಂದು ಆಟವನ್ನು ತೆರೆಯಿರಿ. ಮೂಲೆಯಲ್ಲಿ ಹಲ್ಲುಚಕ್ರದ ಗುರುತು ಇರುತ್ತದೆ. ಅದನ್ನು ಮುಟ್ಟಿದರೆ ಸೆಟ್ಟಿಂಗ್ಸ್ ಎಂಬ ಪುಟ ಬರುತ್ತದೆ. ಅಲ್ಲಿ ‘ಸಂಗೀತ’, ‘ಸದ್ದು’, ‘ಕಂಪನ’ ಎಂಬ ಹೆಸರುಗಳ ಎದುರು ಪುಟ್ಟ ಪುಟ್ಟ ಸ್ವಿಚ್ಚುಗಳು. ಇವಕ್ಕೆ ಟಾಗಲ್ ಎಂದು ಹೆಸರು. ಬೆರಳಿನಿಂದ ತಟ್ಟಿದರೆ ಒಳಗಿನ ಬಿಳಿ ಚುಕ್ಕಿ ಅತ್ತಿಂದಿತ್ತ ಸರಿಯುತ್ತದೆ, ಹಸಿರು ಬಣ್ಣ ಬೂದಿಯಾಗುತ್ತದೆ, ಸದ್ದು ನಿಲ್ಲುತ್ತದೆ. ನೋಡಲು ಥೇಟ್ ಗೋಡೆಯ ಸ್ವಿಚ್ಚೇ. ಆದರೆ ಮರುದಿನ ಆಸ್ಪತ್ರೆಯ ಪಡಸಾಲೆಯಲ್ಲಿಯೋ ಮಲಗಿದ ಕೂಸಿನ ಪಕ್ಕದಲ್ಲಿಯೋ ಕುಳಿತು ಅದೇ ಆಟವನ್ನು ತೆರೆದಾಗ, ಕೆಲವು ಆಟಗಳು ನಿನ್ನೆಯ ಮಾತನ್ನು ಪೂರ್ತಿ ಮರೆತು ಕಹಳೆ ಊದಿಬಿಡುತ್ತವೆ.

ಇದು ಫೋನಿನ ದೋಷವಲ್ಲ, ಆಡುವವರ ದೋಷವೂ ಅಲ್ಲ. ಪರದೆಯ ಮೇಲಿರುವುದು ಸ್ವಿಚ್ಚಲ್ಲ, ಸ್ವಿಚ್ಚಿನ ಚಿತ್ರ. ಚಿತ್ರಕ್ಕೆ ಭಂಗಿಯುಂಟು, ನೆನಪಿಲ್ಲ. ಆಟ ಮುಚ್ಚಿದೊಡನೆ ಅದು ಅಳಿಸಿಹೋಗುತ್ತದೆ. ಮತ್ತೆ ತೆರೆದಾಗ ಹೊಸದಾಗಿ ಬರೆಯಲ್ಪಡುತ್ತದೆ. ನಾವು ‘ಬೇಡ’ ಎಂದದ್ದು ಉಳಿಯಬೇಕಾದರೆ ಅದನ್ನು ಯಾರಾದರೂ ಬೇರೆ ಕಡೆ ಬರೆದಿಡಬೇಕು, ಕೆಡದಂತೆ ಕಾಯಬೇಕು, ಮರುದಿನ ಓದಿ ಚಿತ್ರಕ್ಕೆ ಅದೇ ಭಂಗಿಯನ್ನು ಕೊಡಬೇಕು. ಗೋಡೆಯ ಸ್ವಿಚ್ಚಿನಲ್ಲಿ ಒಂದೇ ಆಗಿದ್ದ ರೂಪ ಮತ್ತು ನೆನಪು ಇಲ್ಲಿ ಬೇರೆಬೇರೆಯಾಗಿವೆ. ಅವು ಅಗಲಿದ್ದು ಹೇಗೆ, ಮತ್ತೆ ಕೂಡುವುದು ಹೇಗೆ ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಲೋಹದ ಸ್ವಿಚ್ಚುಗಳ ಕಾಲ

ಹೌದು–ಅಲ್ಲ ಎಂಬ ಎರಡೇ ಬೆಲೆಗಳನ್ನು ಇಟ್ಟುಕೊಂಡು ಗಣಿತ ಮಾಡಬಹುದೆಂದು ವ್ಯವಸ್ಥಿತವಾಗಿ ತೋರಿಸಿದವನು ಇಂಗ್ಲೆಂಡಿನ ಜಾರ್ಜ್ ಬೂಲ್. 1854ರಲ್ಲಿ ಬಂದ ಅವನ ಗ್ರಂಥ ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದಿತು. ಸುಮಾರು ಎಂಬತ್ತು ವರ್ಷಗಳ ಮೇಲೆ, 1937ರಲ್ಲಿ, ಅಮೆರಿಕದ ಕ್ಲಾಡ್ ಶಾನನ್ ಎಂಬ ತರುಣ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಬೂಲನ ಬೀಜಗಣಿತವನ್ನೂ ವಿದ್ಯುತ್ ಸ್ವಿಚ್ಚುಗಳನ್ನೂ ಜೋಡಿಸಿದ. ಮುಚ್ಚಿದ ಸ್ವಿಚ್ಚು ‘ಹೌದು’, ತೆರೆದ ಸ್ವಿಚ್ಚು ‘ಅಲ್ಲ’. ಇಂದಿನ ಎಲ್ಲ ಕಂಪ್ಯೂಟರುಗಳ ತಳಪಾಯ ಇದೇ. ಆಟದಲ್ಲಿ ನಾವು ತಟ್ಟುವ ಟಾಗಲ್ಲಿನ ಅರ್ಥವೂ ಇಷ್ಟೇ: ಒಂದು ಅಥವಾ ಸೊನ್ನೆ.

ಮೊದಮೊದಲ ವಿಡಿಯೋ ಆಟಗಳಲ್ಲಿ ಈ ಒಂದು–ಸೊನ್ನೆಯನ್ನು ನಿಜವಾದ ಸ್ವಿಚ್ಚೇ ಹಿಡಿದಿಟ್ಟುಕೊಳ್ಳುತ್ತಿತ್ತು. 1977ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಅಟಾರಿ ಪೆಟ್ಟಿಗೆಯ ಮೇಲೆ ಆರು ಸ್ವಿಚ್ಚುಗಳಿದ್ದವು. ವಿದ್ಯುತ್ತಿಗೆ ಒಂದು, ಟೀವಿ ಬಣ್ಣದ್ದೋ ಕಪ್ಪುಬಿಳುಪಿನದೋ ಎಂದು ತಿಳಿಸಲು ಒಂದು, ಇಬ್ಬರು ಆಟಗಾರರಿಗೆ ಆಟ ಎಷ್ಟು ಕಠಿಣವಾಗಿರಬೇಕೆಂದು ಹೇಳಲು ಎರಡು. ಇವು ನಾಲ್ಕೂ ಇಟ್ಟಲ್ಲಿ ನಿಲ್ಲುವಂಥವು. ಉಳಿದೆರಡು, ಆಟವನ್ನು ಆರಿಸುವುದಕ್ಕೆ ಮತ್ತು ಶುರುಮಾಡುವುದಕ್ಕೆ ಇದ್ದವು. ಕೈಬಿಟ್ಟರೆ ಸ್ಪ್ರಿಂಗಿನಿಂದ ಹಿಂದಕ್ಕೆ ಬರುತ್ತಿದ್ದವು. ಪೆಟ್ಟಿಗೆಯನ್ನು ಆರಿಸಿ ಒಂದು ವಾರ ಬಿಟ್ಟು ಹಚ್ಚಿದರೂ ನಿಲ್ಲುವ ಸ್ವಿಚ್ಚುಗಳು ಹೇಳಿದ್ದು ಹಾಗೆಯೇ ಇರುತ್ತಿತ್ತು. ಸ್ಪ್ರಿಂಗಿನ ಗುಂಡಿಯಿಂದ ಆರಿಸಿದ ಆಟದ ಸಂಖ್ಯೆ ಮಾತ್ರ ಮರೆತುಹೋಗಿರುತ್ತಿತ್ತು. ಮುಂದಿನ ಎಲ್ಲ ತೊಂದರೆಯ ಬೀಜ ಇಲ್ಲಿಯೇ ಇದೆ.

ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳಲ್ಲೂ ಇದೇ ಉಪಾಯ. 1980ರ ಪ್ಯಾಕ್‌ಮ್ಯಾನ್ ಯಂತ್ರದ ಒಳಗಿನ ಹಲಗೆಯ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಸಾಲೊಂದಿತ್ತು. ಒಂದು ನಾಣ್ಯಕ್ಕೆ ಎಷ್ಟು ಆಟ, ಒಂದು ಆಟಕ್ಕೆ ಎಷ್ಟು ಜೀವ, ಎಷ್ಟು ಅಂಕಕ್ಕೆ ಹೆಚ್ಚುವರಿ ಜೀವ ಎಂಬುದನ್ನು ಯಂತ್ರದ ಯಜಮಾನ ಕೀಲಿ ತೆಗೆದು ಆ ಸ್ವಿಚ್ಚುಗಳ ಮೂಲಕ ಗೊತ್ತುಮಾಡುತ್ತಿದ್ದ. ಯಜಮಾನನ ಇಷ್ಟಾನಿಷ್ಟಗಳು ಹೀಗೆ ಭದ್ರವಾಗಿದ್ದವು. ಆಡುವ ಹುಡುಗರ ಸಾಧನೆಗೆ ಮಾತ್ರ ಅಂಥ ಭದ್ರತೆ ಇರಲಿಲ್ಲ. 1978ರ ಸ್ಪೇಸ್ ಇನ್ವೇಡರ್ಸ್ ಯಂತ್ರ ದಿನದ ಅತಿ ಹೆಚ್ಚಿನ ಅಂಕವನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಅಂಗಡಿ ಮುಚ್ಚುವಾಗ ವಿದ್ಯುತ್ ತೆಗೆದರೆ ಆ ಅಂಕವೂ ಹೋಯಿತು.

ಮಂತ್ರ ಮತ್ತು ಬ್ಯಾಟರಿ

ಆಟಗಳು ದೊಡ್ಡವಾದಂತೆ ಈ ಮರೆವು ಸಹಿಸಲಾಗದ ಕಷ್ಟವಾಯಿತು. ನಲವತ್ತು ಗಂಟೆ ಆಡಬೇಕಾದ ಕಥೆಯನ್ನು ಒಂದೇ ಸಲ ಕುಳಿತು ಮುಗಿಸಲು ಯಾರಿಂದ ಸಾಧ್ಯ? 1986ರಲ್ಲಿ ಜಪಾನಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಇದಕ್ಕೊಂದು ಉಪಾಯ ಹೂಡಿತು. ಆಟ ನಿಲ್ಲಿಸುವಾಗ ಅದು 20 ಅಕ್ಷರಗಳ, ಅರ್ಥವಿಲ್ಲದ ಒಂದು ಸಾಲನ್ನು ತೋರಿಸುತ್ತಿತ್ತು. ಅದರ ಹೆಸರು ‘ಪುನರುಜ್ಜೀವನದ ಮಂತ್ರ’. ಆಟಗಾರನ ಬಲ, ಹಣ, ಆಯುಧ ಎಲ್ಲವೂ ಆ ಅಕ್ಷರಗಳಲ್ಲಿ ಸಂಕೇತವಾಗಿ ಅಡಗಿರುತ್ತಿದ್ದವು. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು, ಮರುದಿನ ತಪ್ಪಿಲ್ಲದೆ ಹಾಕಬೇಕು. ಮರುವರ್ಷದ ಎರಡನೆಯ ಭಾಗದಲ್ಲಿ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು. ಒಂದೇ ಬಗೆಯಾಗಿ ಕಾಣುವ ಎರಡು ಅಕ್ಷರಗಳನ್ನು ಅದಲುಬದಲು ಮಾಡಿದರೆ ವಾರಗಳ ದುಡಿಮೆ ನೀರುಪಾಲು. ಯಂತ್ರಕ್ಕೆ ನೆನಪಿಲ್ಲದಾಗ ಅದರ ಭಾರ ಮನುಷ್ಯನ ಮೇಲೆ ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಿಂಟೆಂಡೋ ಕಂಪೆನಿ ಬೇರೊಂದು ದಾರಿ ಹಿಡಿಯಿತು. ಅದರ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಆಟ 1987ರಲ್ಲಿ ಅಮೆರಿಕಕ್ಕೆ ಬಂದಾಗ, ಹೊನ್ನಿನ ಬಣ್ಣದ ಆಟದ ಡಬ್ಬಿಯೊಳಗೆ ನಾಣ್ಯದಾಕಾರದ ಒಂದು ಬ್ಯಾಟರಿ ಇತ್ತು. ಟೀವಿ ಆರಿದರೂ ಈ ಬ್ಯಾಟರಿ ಒಂದು ಚಿಕ್ಕ ಸ್ಮೃತಿಬಿಲ್ಲೆಗೆ ಹನಿಹನಿಯಾಗಿ ವಿದ್ಯುತ್ ಉಣಿಸುತ್ತ ವರ್ಷಗಟ್ಟಲೆ ಆಟದ ಸ್ಥಿತಿಯನ್ನು ಕಾಪಾಡುತ್ತಿತ್ತು. ಜೊತೆಗೆ ಒಂದು ವಿಚಿತ್ರ ಸೂಚನೆಯೂ ಇತ್ತು: ಆಟ ನಿಲ್ಲಿಸುವಾಗ ‘ರೀಸೆಟ್’ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ವಿದ್ಯುತ್ ಆರಿಸಬೇಕು. ಇದಕ್ಕೆ ಕಾರಣವಿದೆ. ವಿದ್ಯುತ್ ಆರುವ ಕ್ಷಣದಲ್ಲಿ ಯಂತ್ರದ ಮಿದುಳು ತೊದಲತೊಡಗುತ್ತದೆ. ಆ ತೊದಲಿನಲ್ಲಿ ಸ್ಮೃತಿಯ ಮೇಲೆ ಏನಾದರೂ ಗೀಚಿಬಿಡಬಹುದು. ರೀಸೆಟ್ ಹಿಡಿದಿದ್ದರೆ ಅದು ಕೈಕಟ್ಟಿ ಕುಳಿತಿರುತ್ತದೆ. ನೆನಪು ಅಪಾಯಕ್ಕೆ ಸಿಕ್ಕುವುದು ಬಹುಮಟ್ಟಿಗೆ ಹೊರಡುವ ಹೊತ್ತಿನಲ್ಲಿ ಎಂಬ ಈ ಪಾಠ ಇಂದಿಗೂ ಹಳೆಯದಾಗಿಲ್ಲ.

ಬ್ಯಾಟರಿಯ ಹಂಗೂ ಇಲ್ಲದ ಸ್ಮೃತಿ ಅಷ್ಟರಲ್ಲಿ ಹುಟ್ಟಿತ್ತು. ಸುತ್ತಲೂ ವಿದ್ಯುತ್ ಹರಿಯದ ಗೋಡೆ ಕಟ್ಟಿ ನಡುವೆ ಎಲೆಕ್ಟ್ರಾನುಗಳನ್ನು ಕೂಡಿಹಾಕಬಹುದೆಂಬ ವಿಚಾರವನ್ನು 1967ರಲ್ಲಿ ಬೆಲ್ ಪ್ರಯೋಗಾಲಯದ ಡಾವೋನ್ ಕಾಂಗ್ ಮತ್ತು ಸೈಮನ್ ಜೀ ಮಂಡಿಸಿದ್ದರು. ಕಣಜಕ್ಕೆ ತುಂಬಿದ ಕಾಳಿನಂತೆ ಎಲೆಕ್ಟ್ರಾನುಗಳು ಅಲ್ಲಿ ವರ್ಷಗಟ್ಟಲೆ ಇರುತ್ತವೆ. ತುಂಬಿದ್ದರೆ ಒಂದು ಅರ್ಥ, ಖಾಲಿಯಿದ್ದರೆ ಇನ್ನೊಂದು. ಇಂಥ ಕೋಶಗಳ ಗುಂಪನ್ನು ಒಟ್ಟಿಗೆ ಅಳಿಸಿ ಮತ್ತೆ ಬರೆಯುವ ‘ಫ್ಲ್ಯಾಶ್’ ಸ್ಮೃತಿಯನ್ನು ತೋಷಿಬಾ ಕಂಪೆನಿಯ ಫುಜಿಯೋ ಮಸುವೊಕಾ 1984ರಲ್ಲಿ ವಿಜ್ಞಾನಿಗಳ ಮುಂದಿಟ್ಟರು. ನಮ್ಮ ಫೋನುಗಳಲ್ಲಿ ಫೋಟೋ, ಹಾಡು, ಆಟ ಎಲ್ಲವೂ ಕುಳಿತಿರುವುದು ಇದರ ಸಂತತಿಯಲ್ಲೇ. 1997ರಲ್ಲಿ ನೋಕಿಯಾ 6110 ಫೋನಿನೊಳಗೆ ಹಾವಿನ ಆಟ ಬಂದು ಮೊಬೈಲ್ ಆಟಗಳ ಯುಗ ಶುರುವಾಯಿತು. 2008ರಲ್ಲಿ ಐಫೋನ್, ಆಂಡ್ರಾಯ್ಡ್ ಎರಡಕ್ಕೂ ಆ್ಯಪ್ ಅಂಗಡಿಗಳು ತೆರೆದ ಮೇಲೆ ಅದು ಮಹಾಪೂರವಾಯಿತು. ಲೋಹದ ಸ್ವಿಚ್ಚುಗಳ ಜಾಗದಲ್ಲಿ ಅವುಗಳ ಚಿತ್ರ ಬಂದು ಕುಳಿತಿತು.

ಉದ್ರಿ ಪುಸ್ತಕದ ನ್ಯಾಯ

ಹಾಗಾದರೆ ಇಂದು ಫೋನಿನಲ್ಲಿ ‘ಸದ್ದು ಬೇಡ’ ಎಂದು ತಟ್ಟಿದಾಗ ಏನಾಗುತ್ತದೆ? ನಮ್ಮ ಮಾತು ಮೂರು ಕಡೆ ಇರಬೇಕು. ಒಂದು, ಪರದೆಯ ಮೇಲಿನ ಚಿತ್ರದಲ್ಲಿ. ಎರಡು, ಆಟ ನಡೆಯುತ್ತಿರುವಷ್ಟು ಹೊತ್ತು ಬಳಸುವ ತಾತ್ಕಾಲಿಕ ಸ್ಮೃತಿಯಲ್ಲಿ. ಮೂರು, ಫ್ಲ್ಯಾಶ್‌ನ ಮೇಲಿನ ಒಂದು ಪುಟ್ಟ ಕಡತದಲ್ಲಿ. ಆಟ ಮುಚ್ಚಿದರೆ ಮೊದಲಿನ ಎರಡೂ ಅಳಿಯುತ್ತವೆ. ಉಳಿಯುವುದು ಮೂರನೆಯದು ಮಾತ್ರ. ಆ ಕಡತ ಹೆಸರು–ಬೆಲೆಗಳ ಒಂದು ಪಟ್ಟಿ: ಸದ್ದು, ಸೊನ್ನೆ, ಕಂಪನ, ಒಂದು. ಆಂಡ್ರಾಯ್ಡ್‌ನಲ್ಲಿ ಈ ಪಟ್ಟಿಗೆ ಶೇರ್ಡ್ ಪ್ರಿಫರೆನ್ಸಸ್ ಎಂದು ಹೆಸರು. ಮೊಬೈಲ್ ಆಟಗಳನ್ನು ಕಟ್ಟಲು ವ್ಯಾಪಕವಾಗಿ ಬಳಸುವ ಯೂನಿಟಿ ಎಂಬ ತಂತ್ರಾಂಶದಲ್ಲಿ ಅದು ಪ್ಲೇಯರ್‌ಪ್ರೆಫ್ಸ್. ತಮಾಷೆಯೆಂದರೆ, ಈ ಪ್ಲೇಯರ್‌ಪ್ರೆಫ್ಸ್‌ನಲ್ಲಿ ಪೂರ್ಣಾಂಕ, ದಶಾಂಶ ಸಂಖ್ಯೆ, ಅಕ್ಷರಮಾಲೆ ಈ ಮೂರಕ್ಕೆ ಮಾತ್ರ ಜಾಗ. ಬೂಲನ ಹೌದು–ಅಲ್ಲಗಳಿಗೆ ಪ್ರತ್ಯೇಕ ಜಾಗವಿಲ್ಲ. ಪ್ರೋಗ್ರಾಮರುಗಳು ಒಂದು ಅಥವಾ ಸೊನ್ನೆ ಎಂಬ ಪೂರ್ಣಾಂಕವನ್ನು ಬರೆದು ಕೆಲಸ ಸಾಗಿಸುತ್ತಾರೆ.

ಬರೆಯುವುದು ಯಾವಾಗ ಎಂಬುದು ಮುಂದಿನ ಪ್ರಶ್ನೆ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕವನ್ನು ನೆನೆದುಕೊಳ್ಳಿ. ಗಿರಾಕಿ ಎರಡು ಕಿಲೋ ಸಕ್ಕರೆ ಒಯ್ದಾಗ ಎಚ್ಚರದ ಅಂಗಡಿಯವನು ಅಲ್ಲೇ ಪುಸ್ತಕ ತೆರೆದು ಬರೆಯುತ್ತಾನೆ. ಇನ್ನೊಬ್ಬ, ಗದ್ದಲ ಕಡಿಮೆಯಾಗಲಿ ಎಂದು ಮನಸ್ಸಿನಲ್ಲಿಟ್ಟುಕೊಂಡು ಬಿಡುವಾದಾಗ ಬರೆಯುತ್ತಾನೆ. ಆಂಡ್ರಾಯ್ಡ್‌ನಲ್ಲಿ ಈ ಎರಡೂ ಪದ್ಧತಿಗಳಿವೆ. ಒಂದು ಆಜ್ಞೆ, ಬರೆದು ಮುಗಿಯುವವರೆಗೆ ಆಟವನ್ನು ಕಾಯಿಸುತ್ತದೆ. 2010ರ ಕೊನೆಯಲ್ಲಿ ಸೇರಿದ ಇನ್ನೊಂದು, ‘ಆಯಿತು’ ಎಂದು ಆಗಲೇ ಹೇಳಿ ಹಿನ್ನೆಲೆಯಲ್ಲಿ ನಿಧಾನವಾಗಿ ಬರೆಯುತ್ತದೆ. ಯೂನಿಟಿಯ ರೂಢಿ ಇನ್ನೂ ಉದಾರ. ತಾನಾಗಿ ಬಿಟ್ಟರೆ ಅದು ಪುಸ್ತಕ ಬರೆಯುವುದು ಅಂಗಡಿ ಮುಚ್ಚುವಾಗ, ಅಂದರೆ ಆಟ ಕ್ರಮವಾಗಿ ಮುಗಿಯುವಾಗ.

ತೊಂದರೆ ಏನೆಂದರೆ ಫೋನಿನಲ್ಲಿ ಆಟಗಳು ಕ್ರಮವಾಗಿ ಮುಗಿಯುವುದೇ ಅಪರೂಪ. ಆಡುತ್ತಿರುವಾಗ ಕರೆ ಬರುತ್ತದೆ. ಆಟ ಹಿಂದಕ್ಕೆ ಸರಿಯುತ್ತದೆ. ಇನ್ಯಾವುದೋ ಆ್ಯಪ್ ತೆರೆಯುತ್ತೇವೆ. ಸ್ಮೃತಿ ಸಾಲದೆ ಬಂದಾಗ ಫೋನು, ಹಿಂದೆ ಸದ್ದಿಲ್ಲದೆ ಕುಳಿತಿದ್ದ ಆಟವನ್ನು ಹೇಳದೆ ಕೇಳದೆ ಮುಗಿಸಿಬಿಡುತ್ತದೆ. ಮುಚ್ಚುವ ಶಾಸ್ತ್ರವೇ ನಡೆಯದ ಮೇಲೆ ಪುಸ್ತಕ ಬರೆಯುವುದೆಲ್ಲಿ? ಆದ್ದರಿಂದ ತಿಳಿದ ಪ್ರೋಗ್ರಾಮರು ಟಾಗಲ್ ತಟ್ಟಿದ ಕೂಡಲೇ, ಇಲ್ಲವೇ ಆಟ ಹಿಂದಕ್ಕೆ ಸರಿಯುವ ಸೂಚನೆ ಬಂದ ಕೂಡಲೇ ‘ಈಗಲೇ ಬರೆ’ ಎಂದು ಆಜ್ಞೆ ಕೊಡುತ್ತಾನೆ. ಬರೆಯುತ್ತಿರುವಾಗಲೇ ಬ್ಯಾಟರಿ ಮುಗಿದರೆ? ಅದಕ್ಕೂ ಉಪಾಯವುಂಟು. ಆಂಡ್ರಾಯ್ಡ್ ಹೊಸ ಪಟ್ಟಿ ಬರೆಯುವ ಮೊದಲು ಹಳೆಯದನ್ನು ಪಕ್ಕಕ್ಕೆ ಎತ್ತಿಡುತ್ತದೆ. ಹೊಸದು ಅರ್ಧಕ್ಕೇ ನಿಂತರೆ ಹಳೆಯದನ್ನೇ ನಂಬುತ್ತದೆ. ಅರ್ಧ ಬರೆದ ಹೊಸ ಪುಸ್ತಕಕ್ಕಿಂತ ಪೂರ್ತಿಯಿರುವ ಹಳೆಯ ಪುಸ್ತಕ ಮೇಲು. ಜೆಲ್ಡಾದ ರೀಸೆಟ್ ಗುಂಡಿ ಮಾಡುತ್ತಿದ್ದ ಕಾವಲಿನ ಕೆಲಸವನ್ನು ಇಂದು ಇಂಥ ಏರ್ಪಾಡುಗಳು ಮಾಡುತ್ತಿವೆ.

ಮರಳಿ ತರುವಾಗಿನ ಎಡವಟ್ಟು

ಬರೆದಿಟ್ಟದ್ದು ಸರಿಯಿದ್ದರೂ ಮರಳಿ ತರುವಾಗ ಕೆಡುವ ಸಂಭವವೇ ಹೆಚ್ಚು. ಇದು ಸ್ವಲ್ಪ ಸೂಕ್ಷ್ಮ, ತಾಳ್ಮೆಯಿಂದ ನೋಡೋಣ. ಸೆಟ್ಟಿಂಗ್ಸ್ ಪುಟ ತೆರೆದಾಗ ಟಾಗಲ್ಲಿನ ಚಿತ್ರ, ಅದನ್ನು ರಚಿಸಿದವರು ಇಟ್ಟ ಭಂಗಿಯಲ್ಲಿ, ಸಾಮಾನ್ಯವಾಗಿ ‘ಸದ್ದು ಇದೆ’ ಎಂದು ಹುಟ್ಟುತ್ತದೆ. ಆಮೇಲೆ ಪ್ರೋಗ್ರಾಮು ಕಡತವನ್ನು ಓದಿ ಚಿತ್ರವನ್ನು ತಿದ್ದಬೇಕು. ಓದುವ ಮೊದಲೇ ಅದು ಚಿತ್ರದ ಈಗಿನ ಭಂಗಿಯನ್ನು ಕಡತಕ್ಕೆ ಬರೆದುಬಿಟ್ಟರೆ ನಮ್ಮ ನಿನ್ನೆಯ ಸೊನ್ನೆ ಅಳಿಸಿ ಒಂದು ಬಂದು ಕೂರುತ್ತದೆ. ಪುಸ್ತಕ ನೋಡಿ ಹಲಗೆ ಬರೆಯುವ ಬದಲು, ಹಲಗೆ ನೋಡಿ ಪುಸ್ತಕ ತಿದ್ದಿದ ಗುಮಾಸ್ತನ ಕಥೆ ಇದು.

ಇನ್ನೊಂದು ಎಡವಟ್ಟು ಪ್ರತಿಧ್ವನಿಯದು. ಟಾಗಲ್ಲಿನ ಭಂಗಿ ಬದಲಾದರೆ ‘ಯಾರೋ ತಟ್ಟಿದರು’ ಎಂಬ ಸುದ್ದಿ ಪ್ರೋಗ್ರಾಮಿಗೆ ಹೋಗುತ್ತದೆ. ಮನುಷ್ಯನ ಬೆರಳು ಬದಲಾಯಿಸಿತೋ ಪ್ರೋಗ್ರಾಮೇ ಬದಲಾಯಿಸಿತೋ ಎಂಬ ಭೇದ ಆ ಸುದ್ದಿಗೆ ತಿಳಿಯದು. ಸುದ್ದಿ ಬಂದಾಗಲೆಲ್ಲ ‘ಇರುವುದನ್ನು ತಿರುಗಿಸು’ ಎಂದು ಬರೆದಿದ್ದರೆ ಗ್ರಹಚಾರ. ಕಡತದಲ್ಲಿ ಸೊನ್ನೆ ಇದೆ. ಅದನ್ನು ಓದಿ ಪ್ರೋಗ್ರಾಮು ಚಿತ್ರವನ್ನು ‘ಬೇಡ’ ಕಡೆಗೆ ಸರಿಸುತ್ತದೆ. ಚಿತ್ರ ಸರಿದ ಸುದ್ದಿ ಹೋಗುತ್ತದೆ. ಸುದ್ದಿ ಕೇಳಿ ಕಡತದ ಸೊನ್ನೆ ಒಂದಾಗುತ್ತದೆ. ಪರದೆಯ ಮೇಲೆ ‘ಬೇಡ’, ಪುಸ್ತಕದಲ್ಲಿ ‘ಬೇಕು’. ಇವತ್ತು ಎಲ್ಲ ಸರಿಯಾಗಿ ಕಾಣುತ್ತದೆ, ಗದ್ದಲ ನಾಳೆ ಏಳುತ್ತದೆ. ತಪ್ಪಾದ ದಿನವೇ ಬೇರೆ, ತೋರುವ ದಿನವೇ ಬೇರೆ ಆದ್ದರಿಂದ ಇದನ್ನು ಹಿಡಿಯುವುದು ಕಷ್ಟ. ಮದ್ದು ಸರಳವಾದದ್ದು. ‘ತಿರುಗಿಸು’ ಎನ್ನಬಾರದು, ‘ಸೊನ್ನೆ ಮಾಡು’ ಅಥವಾ ‘ಒಂದು ಮಾಡು’ ಎಂದು ಖಚಿತವಾಗಿ ಹೇಳಬೇಕು. ಮೊದಲು ಓದಬೇಕು, ಆಮೇಲೆ ಚಿತ್ರ ತಿದ್ದಬೇಕು, ಅದಾದ ಮೇಲೆಯೇ ಸುದ್ದಿಗೆ ಕಿವಿಗೊಡಬೇಕು. ಸುದ್ದಿ ಹೊರಡಿಸದೆ ಚಿತ್ರವನ್ನು ಮಾತ್ರ ಸರಿಸುವ ಆಜ್ಞೆಯೂ ಈಗ ಯೂನಿಟಿಯಲ್ಲಿದೆ.

ಮೂರನೆಯ ತೊಡಕು ಎಲ್ಲಕ್ಕಿಂತ ಆಳವಾದದ್ದು. ಆಟವನ್ನು ಮೊದಲ ಸಲ ತೆರೆದಾಗ ಕಡತದಲ್ಲಿ ಏನೂ ಇರುವುದಿಲ್ಲ. ಇಲ್ಲದ ಹೆಸರಿನ ಬೆಲೆಯನ್ನು ಕೇಳಿದರೆ ಪ್ಲೇಯರ್‌ಪ್ರೆಫ್ಸ್, ಬೇರೆ ಏನೂ ಹೇಳಿರದಿದ್ದರೆ, ಸೊನ್ನೆ ಎಂದು ಉತ್ತರಿಸುತ್ತದೆ. ‘ಬೇಡ’ ಎಂದವನ ಉತ್ತರವೂ ಸೊನ್ನೆ, ಯಾರೂ ಕೇಳದೇ ಇದ್ದವನ ಉತ್ತರವೂ ಸೊನ್ನೆ. ಟಾಗಲ್ಲಿಗೆ ಎರಡೇ ಭಂಗಿ. ಮನುಷ್ಯರ ಸ್ಥಿತಿ ಮೂರು: ಬೇಕು, ಬೇಡ, ಇನ್ನೂ ಹೇಳಿಲ್ಲ. ಸದ್ದಿನ ವಿಷಯದಲ್ಲಿ ಇದು ಸಣ್ಣ ಮಾತು. ಎಲ್ಲ ಟಾಗಲ್ಲುಗಳೂ ಸದ್ದಿನವಲ್ಲ.

ಯಾರ ಅನುಕೂಲದ ನೆನಪು?

ಕೆಂಪು–ಹಸಿರುಗಳ ಭೇದ ಕಾಣದವರಿಗೆ ಬಣ್ಣ ಬದಲಿಸುವ ಟಾಗಲ್ ಶೋಕಿಯ ವಸ್ತುವಲ್ಲ, ಅದಿಲ್ಲದೆ ಅವರು ಆಡಲಾರರು. ಮಿಂಚುವ ಬೆಳಕಿನಿಂದ ಕೆಲವರಿಗೆ ಅಪಸ್ಮಾರ ಬರುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನ ಟೀವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಕೆಂಪು–ನೀಲಿ ಬೆಳಕನ್ನು ವೇಗವಾಗಿ ಮಿಂಚಿಸಿದಾಗ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಇಂದು ಹಲವು ಆಟಗಳಲ್ಲಿ ‘ಮಿಂಚು ಕಡಿಮೆ ಮಾಡು’ ಎಂಬ ಟಾಗಲ್ ಇರುತ್ತದೆ. ಅದನ್ನು ಒಮ್ಮೆ ಒತ್ತಿದ ಮಗುವಿನ ಮನೆಯವರು ನಿಶ್ಚಿಂತರಾಗಿರುತ್ತಾರೆ. ಮರೆಯುವ ಟಾಗಲ್ ಇಲ್ಲದ ಟಾಗಲ್ಲಿಗಿಂತ ಕೆಟ್ಟದ್ದು, ಏಕೆಂದರೆ ಅದು ನಂಬಿಸಿ ಕೈಬಿಡುತ್ತದೆ.

ನಮ್ಮ ಮಾಹಿತಿಯನ್ನು ಜಾಹೀರಾತುದಾರರಿಗೆ ಕೊಡಬಹುದೇ ಎಂದು ಕೇಳುವ ಟಾಗಲ್ಲುಗಳೂ ಇವೆ. ಇಲ್ಲಿ ‘ಇನ್ನೂ ಹೇಳಿಲ್ಲ’ ಎಂಬ ಸ್ಥಿತಿಯನ್ನು ‘ಬೇಕು’ ಎಂದು ಓದಿಕೊಂಡರೆ ಲಾಭ ಯಾರಿಗೆಂದು ಹೇಳಬೇಕಾಗಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಮದುವೆಯ ಮಾತುಕತೆಯಲ್ಲಿ ನಡೆದೀತು, ಇಲ್ಲಿ ನಡೆಯದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತು. ಜರ್ಮನಿಯ ಪ್ಲಾನೆಟ್49 ಎಂಬ ಕಂಪೆನಿ ಅಂತರ್ಜಾಲದಲ್ಲಿ ನಡೆಸಿದ ಬಹುಮಾನದ ಆಟದಲ್ಲಿ ಒಪ್ಪಿಗೆಯ ಚೌಕಕ್ಕೆ ಮೊದಲೇ ಗುರುತು ಹಾಕಿಟ್ಟಿತ್ತು. ಬೇಡವಾದವರು ಅದನ್ನು ಅಳಿಸಬೇಕಾಗಿತ್ತು. ಮೊದಲೇ ಹಾಕಿಟ್ಟ ಗುರುತು ಒಪ್ಪಿಗೆಯಾಗಲಾರದು ಎಂದಿತು ನ್ಯಾಯಾಲಯ. 2023ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಪ್ಪಿಗೆ ಸ್ಪಷ್ಟವಾದ ಕ್ರಿಯೆಯಿಂದ ಬಂದಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎನ್ನುತ್ತದೆ. ಪ್ರೋಗ್ರಾಮಿನ ಭಾಷೆಯಲ್ಲಿ ಇದರ ಅರ್ಥ: ಖಾಲಿ ಜಾಗವನ್ನು ‘ಹೌದು’ ಎಂದು ಓದಬೇಡ, ‘ಬೇಡ’ ಎಂದು ಬರೆದದ್ದನ್ನು ಮರೆಯಬೇಡ.

ಆ್ಯಪನ್ನು ಅಳಿಸಿದರೆ ಅದರ ಪುಟ್ಟ ಕಡತವೂ ಅಳಿಯುತ್ತದೆ. 2015ರ ಆಂಡ್ರಾಯ್ಡ್‌ನಿಂದೀಚೆಗೆ ಇಂಥ ಕಡತಗಳ ಪ್ರತಿಯೊಂದು, ಬಳಕೆದಾರ ಮತ್ತು ಆಟ ರಚಿಸಿದವರು ಬೇಡವೆನ್ನದಿದ್ದರೆ, ಅವರ ಗೂಗಲ್ ಖಾತೆಯಲ್ಲಿ ಉಳಿಯುತ್ತದೆ; ಹೊಸ ಫೋನು ಕೊಂಡಾಗ ಹಳೆಯ ಇಷ್ಟಾನಿಷ್ಟಗಳೂ ಜೊತೆಗೆ ಬರಬಹುದು. ಗೋಡೆಯ ಸ್ವಿಚ್ಚಿಗೆ ಸಾಧ್ಯವಿಲ್ಲದ ಕೆಲಸವಿದು. ಮನೆ ಬದಲಿಸಿದರೆ ಅದು ಅಲ್ಲೇ ಉಳಿಯುತ್ತದೆ. ರೂಪದಿಂದ ಬೇರ್ಪಟ್ಟದ್ದರಿಂದ ನೆನಪಿಗೆ ರೆಕ್ಕೆಯೂ ಬಂದಿದೆ ಎಂಬುದನ್ನು ಒಪ್ಪಬೇಕು.

ಲೋಹದ ಸ್ವಿಚ್ಚು ಫೋನಿನ ಮೈಮೇಲೂ ಬಹುಕಾಲ ಉಳಿದಿತ್ತು. 2007ರ ಮೊದಲ ಐಫೋನಿನ ಎಡಬದಿಯಲ್ಲಿ ಸದ್ದಡಗಿಸುವ ಪುಟ್ಟ ಸ್ವಿಚ್ಚೊಂದಿತ್ತು. ಜೇಬಿನೊಳಗೇ ಉಗುರಿನಿಂದ ಸವರಿ ಅದು ಯಾವ ಕಡೆಗಿದೆ ಎಂದು ತಿಳಿಯಬಹುದಾಗಿತ್ತು. 2023ರ ಐಫೋನ್ 15 ಪ್ರೋದಲ್ಲಿ ಅದರ ಜಾಗಕ್ಕೆ ಒತ್ತುವ ಗುಂಡಿ ಬಂತು. ಒತ್ತಿ ಬಿಟ್ಟರೆ ಮೊದಲಿನಂತೆಯೇ ಕಾಣುವ ಗುಂಡಿ. ಅದು ಹೇಳಿದ್ದನ್ನು ಇನ್ನು ತಂತ್ರಾಂಶವೇ ನೆನಪಿಡಬೇಕು.

ನಿಮ್ಮ ಫೋನಿನ ಆಟ ಎಷ್ಟು ನಂಬಿಕಸ್ತ ಎಂದು ಪರೀಕ್ಷಿಸಲು ಪಾಂಡಿತ್ಯ ಬೇಡ. ಸದ್ದನ್ನು ಆರಿಸಿ, ಸೆಟ್ಟಿಂಗ್ಸ್ ಪುಟದಿಂದ ಹೊರಬಂದು ಆಟವನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಸೆಟ್ಟಿಂಗ್ಸ್ ಪುಟವನ್ನು ಒಮ್ಮೆ ನೋಡಿ, ಏನನ್ನೂ ಮುಟ್ಟದೆ ಮತ್ತೆ ಮುಚ್ಚಿ ತೆರೆಯಿರಿ. ಪ್ರತಿಧ್ವನಿಯ ಎಡವಟ್ಟು ಸಿಕ್ಕುವುದು ಈ ಎರಡನೆಯ ಸಲ. ಕೊನೆಗೆ ಫೋನನ್ನೇ ಆರಿಸಿ ಹಚ್ಚಿ ನೋಡಿ. ನಾವು ಕೊಂಡ ನಾಣ್ಯಗಳ ಲೆಕ್ಕವನ್ನೂ ಏರಿದ ಮಟ್ಟದ ಲೆಕ್ಕವನ್ನೂ ತಪ್ಪದೆ ಇಡುವ ಆಟ, ನಾವು ‘ಬೇಡ’ ಎಂದ ಒಂದು ಸೊನ್ನೆಯನ್ನು ಮಾತ್ರ ಮರೆಯುವುದಾದರೆ, ಅದನ್ನು ಮಾಡಿದವರಿಗೆ ನಾಲ್ಕು ಸಾಲು ಬರೆದು ತಿಳಿಸುವುದು ತಪ್ಪಲ್ಲ. ತಿದ್ದಲು ಅವರಿಗೆ ಬೇಕಾಗುವುದು ಬಹಳ ಸಲ ಒಂದೆರಡು ಸಾಲು, ಅದೂ ಸರಿಯಾದ ಕ್ರಮದಲ್ಲಿ.